ಉಪನಗರ ರೈಲು ಎಷ್ಟು ನಿಮಿಷಕ್ಕೊಂದು ಬಂದರೆ ‘ಬೇಕಾದಾಗ ಸಿಗುತ್ತದೆ’ ಎನ್ನಬಹುದು?

ಕೆಂಗೇರಿ ಪ್ರಯಾಣಿಕ (ಚರ್ಚೆ ಆರಂಭಿಸಿದವರು)

ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟವು 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟ ದಿನದಿಂದ ನಾವೆಲ್ಲ ಮಾತನಾಡುತ್ತಿರುವುದು ಕಿಲೋಮೀಟರು ಮತ್ತು ಕೋಟಿಗಳ ಲೆಕ್ಕವನ್ನೇ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಕಾರಿಡಾರ್, ಒಟ್ಟು 148 ಕಿ.ಮೀ., 15,767 ಕೋಟಿ ರೂಪಾಯಿ ಎನ್ನುವುದು ನಮಗೆಲ್ಲ ಬಾಯಿಪಾಠವಾಗಿದೆ. ಆ ಹಳಿಯ ಮೇಲೆ ಎಷ್ಟು ಹೊತ್ತಿಗೊಂದು ಗಾಡಿ ಓಡಬೇಕು ಎಂದು ಕೇಳುವವರು ಮಾತ್ರ ಕಡಿಮೆ.

ನನ್ನ ಪ್ರಶ್ನೆ ಇಷ್ಟೇ: ಎಷ್ಟು ನಿಮಿಷದ ಅಂತರದೊಳಗೆ ಗಾಡಿ ಬಂದರೆ ಅದನ್ನು ಉಪನಗರ ರೈಲು ಎನ್ನಬಹುದು, ಎಷ್ಟನ್ನು ಮೀರಿದರೆ ಅದು ನಮ್ಮ ಹಳೆಯ ಪ್ಯಾಸೆಂಜರ್ ಗಾಡಿಯೇ ಆಗಿ ಉಳಿಯುತ್ತದೆ? 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಪಕ್ಕದ ಹಾಲ್ಟ್‌ಗೆ ರೈಲು ಆರಂಭವಾದದ್ದು ನೆನಪಿರಬಹುದು. ಟ್ಯಾಕ್ಸಿ ಬಾಡಿಗೆಯ ಮುಂದೆ ಆ ಟಿಕೆಟ್ ದರ ಏನೇನೂ ಅಲ್ಲ. ಆದರೂ ಬೋಗಿಗಳು ತುಂಬಲಿಲ್ಲ. ದಿನಕ್ಕೆ ಬೆರಳೆಣಿಕೆಯಷ್ಟು ಗಾಡಿಗಳಿರುವಾಗ, ತಡವಾಗಿ ಇಳಿಯುವ ವಿಮಾನವನ್ನು ನಂಬಿ ಯಾರು ತಾನೆ ರೈಲಿಗೆ ಹೊರಡುತ್ತಾರೆ? ಅಗ್ಗವಾಗಿದ್ದರೆ ಸಾಲದು ಎನ್ನುವುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ಗೆರೆ 15 ನಿಮಿಷ. ದಯವಿಟ್ಟು ಬರೀ ಸಂಖ್ಯೆಯನ್ನು ಬರೆದು ಹೋಗಬೇಡಿ. ಆ ಸಂಖ್ಯೆಯೇ ಏಕೆ ಎಂಬುದನ್ನೂ ತಿಳಿಸಿ.

ಬೊರಿವಲಿ ಕನ್ನಡಿಗ

ಮುಂಬೈಯಲ್ಲಿ ಕುಳಿತವನಿಗೆ 15 ನಿಮಿಷ ಎಂದರೆ ಗಾಡಿ ಬಂದ್ ಆಗಿದೆ ಎಂದೇ ಅರ್ಥ. ಬೆಳಗಿನ ಹೊತ್ತಿನಲ್ಲಿ ಪಶ್ಚಿಮ ಮಾರ್ಗದ ಒಂದೇ ಹಳಿಯ ಮೇಲೆ ಮೂರು ನಾಲ್ಕು ನಿಮಿಷಕ್ಕೊಂದು ಲೋಕಲ್ ಬರುತ್ತದೆ; ಸ್ಲೋ ಮತ್ತು ಫಾಸ್ಟ್ ಹಳಿಗಳು ಬೇರೆ ಬೇರೆ. ಆದರೆ ಇಷ್ಟು ಗಾಡಿಗಳಿದ್ದರೆ ಜನ ವೇಳಾಪಟ್ಟಿಯನ್ನು ಮರೆಯುತ್ತಾರೆ ಎಂದು ನೀವು ಭಾವಿಸಿದ್ದರೆ ಅದು ತಪ್ಪು. ಇಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಒಂದು ಗಾಡಿ ಇದೆ. ‘8.12 ಹಿಡಿದೆ’, ‘8.19 ತಪ್ಪಿತು’ ಎಂದು ನಿಮಿಷ ಸಮೇತ ಹೇಳುತ್ತಾರೆ. ನಿಲ್ಲಲು ಜಾಗ ಸಿಗುವ ಗಾಡಿ ಯಾವುದು, ಅದು ಇಲ್ಲಿಂದಲೇ ಹೊರಡುತ್ತದೆಯೋ ಅಥವಾ ವಿರಾರ್‌ನಿಂದ ತುಂಬಿಕೊಂಡು ಬರುತ್ತದೆಯೋ, ಅಂಧೇರಿಯ ನಂತರ ಎಲ್ಲೆಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಅದರ ಹಿಂದೆ ಇರುತ್ತದೆ. 1992ರ ಮೇ ತಿಂಗಳಲ್ಲಿ ಚರ್ಚ್‌ಗೇಟ್ ಮತ್ತು ಬೊರಿವಲಿಗಳ ನಡುವೆ ಮಹಿಳೆಯರಿಗೆಂದೇ ವಿಶೇಷ ಲೋಕಲ್ ಆರಂಭವಾದಾಗಿನಿಂದ ಆ ಗಾಡಿಗಾಗಿ ಕಾಯುವವರದ್ದೇ ಒಂದು ಪಂಗಡವಾಯಿತು.

ನನ್ನ ತಂದೆ ಉಡುಪಿ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ದುಡಿದವರು. ಗಲ್ಲಾ ಮುಚ್ಚಿ, ನೆಲ ತೊಳೆಸಿ ಹೊರಡುವಾಗ ರಾತ್ರಿ ಹನ್ನೆರಡು ದಾಟುತ್ತಿತ್ತು. ಅವರಿಗೆ ಬೆಳಗಿನ ಮೂರು ನಿಮಿಷದ ಅಂತರದಿಂದ ಏನೂ ಆಗಬೇಕಾಗಿರಲಿಲ್ಲ, ನಡುರಾತ್ರಿಯ ಆ ಕೊನೆಯ ಎರಡು ಗಾಡಿಗಳೇ ಅವರ ಸಂಸಾರವನ್ನು ದೂರದ ಬಾಡಿಗೆ ಮನೆಯಲ್ಲಿ ಉಳಿಸಿದವು. ಆದ್ದರಿಂದ ಎಷ್ಟು ನಿಮಿಷ ಎಂದು ಕೇಳುವಾಗ ಯಾವ ಹೊತ್ತಿನಲ್ಲಿ ಎಂಬುದನ್ನೂ ಸೇರಿಸಿ ಕೇಳಬೇಕು.

ಇನ್ನೊಂದು ಮಾತು. ಮುಂಬೈ ಎಂದರೆಲ್ಲ ಒಂದೇ ಎಂದು ತಿಳಿಯಬೇಡಿ. 2024ರ ಜನವರಿಯಲ್ಲಿ ಉರಣ್‌ವರೆಗೆ ಲೋಕಲ್ ಹೋದಾಗ ಅದು ಹೆಚ್ಚುಕಡಿಮೆ ಗಂಟೆಗೊಂದು ಗಾಡಿಯಾಗಿತ್ತು. ವಸಯಿಯಿಂದ ದಿವಾ ಮೂಲಕ ಪನ್ವೇಲ್‌ಗೆ ಹೋಗುವವರ ಪಾಡಂತೂ ನಿಮ್ಮ ಪ್ಯಾಸೆಂಜರ್ ಗಾಡಿಯವರ ಪಾಡೇ.

ಲೆಕ್ಕದ ಮೇಷ್ಟ್ರು

ಅಂತರ ಎಂಬ ಪದವನ್ನು ಎಲ್ಲರೂ ಸಡಿಲವಾಗಿ ಬಳಸುತ್ತಿದ್ದೇವೆ. ಗಂಟೆಗೆ ನಾಲ್ಕು ಗಾಡಿ ಎಂದರೆ 15 ನಿಮಿಷಕ್ಕೊಂದು ಎಂದು ಕಾಗದದ ಮೇಲೆ ಬರೆಯಬಹುದು. ನಿಲ್ದಾಣದಲ್ಲಿ ನಿಂತವನಿಗೆ ಅದು ಹಾಗೆ ಕಾಣಬೇಕಾಗಿಲ್ಲ. ನಾಲ್ಕೂ ಗಾಡಿಗಳು ಸರಿಯಾಗಿ 15 ನಿಮಿಷಕ್ಕೊಂದು ಬಂದರೆ, ಸಮಯ ನೋಡದೆ ಬರುವ ಪ್ರಯಾಣಿಕನು ಸರಾಸರಿ 7.5 ನಿಮಿಷ ಕಾಯುತ್ತಾನೆ. ಅದೇ ನಾಲ್ಕು ಗಾಡಿಗಳು 5, 5, 30, 20 ನಿಮಿಷಗಳ ಅಂತರದಲ್ಲಿ ಬಂದವು ಎಂದುಕೊಳ್ಳಿ. ಅಂತರಗಳ ವರ್ಗಗಳನ್ನು ಕೂಡಿದರೆ 25, 25, 900, 400, ಒಟ್ಟು 1350; ಅದನ್ನು 60ರ ಎರಡರಷ್ಟರಿಂದ, ಅಂದರೆ 120ರಿಂದ ಭಾಗಿಸಿದರೆ ಸರಾಸರಿ ಕಾಯುವಿಕೆ 11.25 ನಿಮಿಷ. ಗಾಡಿಗಳ ಸಂಖ್ಯೆ ಬದಲಾಗಲಿಲ್ಲ, ಖರ್ಚೂ ಬದಲಾಗಲಿಲ್ಲ, ಆದರೆ ಕಾಯುವುದು ಒಂದೂವರೆ ಪಟ್ಟಾಯಿತು. ಕಾರಣ ಸರಳ: ದೊಡ್ಡ ಅಂತರದಲ್ಲಿಯೇ ಹೆಚ್ಚು ಜನ ಬಂದು ಸೇರುತ್ತಾರೆ.

ಲಂಡನ್ ಬಸ್ಸುಗಳ ವ್ಯವಸ್ಥೆಯಲ್ಲಿ ಗಂಟೆಗೆ ಐದು ಅಥವಾ ಅದಕ್ಕಿಂತ ಹೆಚ್ಚು ಬಸ್ಸುಗಳಿರುವ ಮಾರ್ಗವನ್ನೇ ಪದೇ ಪದೇ ಬಸ್ ಬರುವ ಮಾರ್ಗವೆಂದು ಪರಿಗಣಿಸುತ್ತಾರೆ. ಅಂದರೆ 12 ನಿಮಿಷ. ಅಂಥ ಮಾರ್ಗಗಳಲ್ಲಿ ಬಸ್ ವೇಳೆಗೆ ಸರಿಯಾಗಿ ಬಂತೇ ಎಂದು ಅಳೆಯುವುದಿಲ್ಲ, ಅಂತರ ಕೆಟ್ಟಿದ್ದರಿಂದ ಜನ ಎಷ್ಟು ಹೆಚ್ಚು ಕಾದರು ಎಂಬುದನ್ನು ಅಳೆಯುತ್ತಾರೆ. ನನ್ನ ಪ್ರಕಾರ ಪ್ರಶ್ನೆ ಆರಂಭಿಸಿದವರ 15ಕ್ಕಿಂತ ಇದು ಹೆಚ್ಚು ತರ್ಕಬದ್ಧವಾಗಿದೆ. ಹತ್ತು ಹನ್ನೆರಡು ನಿಮಿಷದ ಒಳಗಾದರೆ ಮನುಷ್ಯ ಗಡಿಯಾರ ನೋಡದೆ ಮನೆಯಿಂದ ಹೊರಡುತ್ತಾನೆ, ಅದಕ್ಕಿಂತ ಹೆಚ್ಚಾದರೆ ನೋಡಿಕೊಂಡು ಹೊರಡುತ್ತಾನೆ. ಆ ನಡವಳಿಕೆ ಬದಲಾಗುವ ಬಿಂದುವೇ ನಿಜವಾದ ಗೆರೆ.

ಮಾಲೂರಿನ ನರ್ಸ್

ನಾನು ಒಂಬತ್ತು ವರ್ಷಗಳಿಂದ ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ಸೀಸನ್ ಪಾಸ್‌ನಲ್ಲಿ ಓಡಾಡುತ್ತಿದ್ದೇನೆ. ಮೇಷ್ಟ್ರು ಹೇಳಿದ ಸರಾಸರಿ ನನ್ನ ಜೀವನದಲ್ಲಿ ಎಲ್ಲಿಯೂ ಬರುವುದಿಲ್ಲ. ನನಗೆ ಬೇಕಾಗಿರುವುದು ಒಂದೇ ಸಂಖ್ಯೆ: ಈ ಗಾಡಿ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ?

ರಾತ್ರಿ ಎಂಟಕ್ಕೆ ನನ್ನ ಪಾಳಿ ಮುಗಿಯುತ್ತದೆ ಎಂದು ಕಾಗದದಲ್ಲಿ ಇದೆ. ಹ್ಯಾಂಡೋವರ್ ಮುಗಿಯುವುದು ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದಾರೆ, ಮುಂದಿನ ಪಾಳಿಯವರು ಎಷ್ಟು ಹೊತ್ತಿಗೆ ಬಂದರು ಎಂಬುದರ ಮೇಲೆ. ಕಳೆದ ತಿಂಗಳು ಒಂದು ದಿನ ಡ್ರಿಪ್ ಬದಲಿಸುವ ಕೆಲಸದಿಂದ ಹತ್ತು ನಿಮಿಷ ತಡವಾಯಿತು. ಆಟೋ ಇಳಿದು, ಮೇಲ್ಸೇತುವೆಯ ಮೆಟ್ಟಿಲು ಹತ್ತಿ, ಆ ಕಡೆ ಇಳಿಯುವಷ್ಟರಲ್ಲಿ ಗಾಡಿ ಹೊರಟಿತ್ತು. ಕೊನೆಯ ಬೋಗಿಯ ಹಿಂದೆ ಬರೆದಿರುವ ಆ ದೊಡ್ಡ ಹಳದಿ ಎಕ್ಸ್ ಗುರುತು ಪ್ಲಾಟ್‌ಫಾರ್ಮಿನ ದೀಪದಲ್ಲಿ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಅದರ ಕೆಳಗಿನ ಕೆಂಪು ದೀಪ ಮಾತ್ರ ಮಿನುಗುತ್ತಿತ್ತು. ಮುಂದಿನ ಗಾಡಿಗೆ ಒಂದು ಗಂಟೆಗೂ ಮೀರಿ ಕಾದೆ. ಹೂ ಮಾರಿ ಉಳಿದ ಬುಟ್ಟಿಯ ಜೊತೆ ಕುಳಿತಿದ್ದ ಒಬ್ಬ ಅಜ್ಜಿ, ನಾನು, ಇಬ್ಬರು ಸೆಕ್ಯುರಿಟಿಯವರು. ಪ್ಲಾಟ್‌ಫಾರ್ಮಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಿಮ್ಮ ಚರ್ಚೆಗೆ ನನ್ನ ಉತ್ತರ ಇದು: ರಾತ್ರಿ ಹತ್ತು ಗಂಟೆಯವರೆಗೆ ಗಾಡಿ ತಪ್ಪಿಸಿಕೊಂಡವರು ಅರ್ಧ ಗಂಟೆಗಿಂತ ಹೆಚ್ಚು ಕಾಯಬಾರದು. ಬೆಳಿಗ್ಗೆ ಐದು ನಿಮಿಷಕ್ಕೊಂದು ಕೊಟ್ಟು ರಾತ್ರಿ ಕೈಬಿಟ್ಟರೆ ಅಂಥ ರೈಲು ನನಗೆ ಬೇಡ.

ನಿವೃತ್ತ ಸೆಕ್ಷನ್ ಕಂಟ್ರೋಲರ್

ಮೇಡಂ ಹೇಳಿದ್ದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಂಟ್ರೋಲ್ ಆಫೀಸಿನಲ್ಲಿ ಚಾರ್ಟ್ ಮುಂದೆ ಕುಳಿತು ಗಾಡಿ ಓಡಿಸಿದವನು ನಾನು. ‘ಇನ್ನೊಂದು ಗಾಡಿ ಬಿಡಲು ಏನು ಕಷ್ಟ?’ ಎಂಬ ಪ್ರಶ್ನೆಯನ್ನು ಮದುವೆ ಮನೆಗಳಲ್ಲಿಯೂ ಕೇಳಿಸಿಕೊಂಡಿದ್ದೇನೆ. ಕಷ್ಟ ಏನೆಂಬುದನ್ನು ಸಾಧ್ಯವಾದಷ್ಟು ಬಿಡಿಸಿ ಹೇಳುತ್ತೇನೆ.

ಹಳೆಯ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳಿಯ ಮೇಲೆ ಒಂದೇ ಗಾಡಿ ಇರಬಹುದು. ಅದು ಮುಂದಿನ ನಿಲ್ದಾಣವನ್ನು ಪೂರ್ತಿಯಾಗಿ ತಲುಪಿ, ಅಲ್ಲಿಯ ಮಾಸ್ಟರು ಕೊನೆಯ ಬೋಗಿಯನ್ನು ಖಚಿತಪಡಿಸಿಕೊಂಡು ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿ ಇದೆ ಎಂಬ ಒಪ್ಪಿಗೆ, ಕೊಟ್ಟ ಮೇಲೆಯೇ ಹಿಂದಿನ ಗಾಡಿ ಹೊರಡಬೇಕು. ಮೇಡಂ ಕಂಡ ಆ ಎಕ್ಸ್ ಗುರುತು ಇರುವುದು ಅದಕ್ಕಾಗಿಯೇ; ಅದು ಕಂಡರೆ ಗಾಡಿ ನಡುವೆ ತುಂಡಾಗದೆ ಪೂರ್ತಿಯಾಗಿ ಬಂದಿದೆ ಎಂದರ್ಥ. ಎರಡು ನಿಲ್ದಾಣಗಳ ನಡುವೆ 8 ಕಿ.ಮೀ. ಇದ್ದು, ಗಾಡಿಗೆ 10 ನಿಮಿಷ ಹಿಡಿದರೆ, ಕೆಲಸದ ಎರಡು ನಿಮಿಷ ಸೇರಿಸಿ 12 ನಿಮಿಷಕ್ಕಿಂತ ಕಡಿಮೆ ಅಂತರದಲ್ಲಿ ಗಾಡಿ ಬಿಡುವುದು ಸಾಧ್ಯವೇ ಇಲ್ಲ. ಅದೇ ಹಳಿಗೆ ಸುಮಾರು ಒಂದೊಂದು ಕಿಲೋಮೀಟರಿಗೆ ಆಟೋಮ್ಯಾಟಿಕ್ ಸಿಗ್ನಲ್ ಹಾಕಿದರೆ ಒಂದರ ಹಿಂದೆ ಒಂದು ಗಾಡಿ ನಡೆಯಬಹುದು. ಒಂಟಿ ಹಳಿಯಾದರೆ ಕಥೆ ಇನ್ನೂ ಕಷ್ಟ: ಆ ಕಡೆಯ ಗಾಡಿ ಬಂದು ಕ್ರಾಸಿಂಗ್ ಆಗುವವರೆಗೆ ಈ ಕಡೆಯದು ನಿಂತೇ ಇರಬೇಕು, ಹೀಗಾಗಿ ಅಂತರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಯಲಹಂಕದಿಂದ ದೇವನಹಳ್ಳಿಯ ಕಡೆಗಿನ ಒಂಟಿ ಹಳಿಯಲ್ಲಿ ಹತ್ತು ನಿಮಿಷಕ್ಕೊಂದು ಗಾಡಿ ಕೊಡಿ ಎಂದರೆ ಅದು ಆಗದ ಮಾತು.

ಇದಕ್ಕಿಂತ ದೊಡ್ಡ ತೊಡಕು ಎಕ್ಸ್‌ಪ್ರೆಸ್ ಗಾಡಿಗಳದ್ದು. ನಗರದಿಂದ 25 ಕಿ.ಮೀ. ಹೋಗಲು ಎಲ್ಲ ಕಡೆ ನಿಲ್ಲುವ ಮೆಮು (ವಿದ್ಯುತ್ ಲೋಕಲ್) ಗಾಡಿಗೆ 50 ನಿಮಿಷ, ಎಕ್ಸ್‌ಪ್ರೆಸ್‌ಗೆ 20 ನಿಮಿಷ ಬೇಕು ಎಂದುಕೊಳ್ಳಿ. 15 ನಿಮಿಷಕ್ಕೊಂದರಂತೆ ಸೊನ್ನೆಗೆ, 15ಕ್ಕೆ, 30ಕ್ಕೆ ಮೆಮು ಬಿಡುವ ಯೋಜನೆ ಇದೆ. ನಡುವೆ ಒಂದು ಎಕ್ಸ್‌ಪ್ರೆಸ್ ಎಲ್ಲಿಯೂ ತಡೆಯಿಲ್ಲದೆ ಹೋಗಬೇಕಾದರೆ ಸೊನ್ನೆಯ ಮೆಮು ಹೋದ ಮೇಲೆ ಅದು 33ನೆಯ ನಿಮಿಷಕ್ಕೆ ಹೊರಡಬೇಕು. ಆಗ ಮಾತ್ರ ಅದು ಮೆಮುವಿನ ಬೆನ್ನಿಗೆ ಮೂರು ನಿಮಿಷ ಬಿಟ್ಟು ತಲುಪುತ್ತದೆ. ಅಂದರೆ 15ರ ಗಾಡಿಯೂ ಹೋಯಿತು, 30ರ ಗಾಡಿಯೂ ಹೋಯಿತು. ಒಂದು ಎಕ್ಸ್‌ಪ್ರೆಸ್‌ಗೆ ಎರಡು ಲೋಕಲ್ ಬಲಿ. ಇಲ್ಲವೇ ಮೆಮುವನ್ನು ದಾರಿಯಲ್ಲಿ ಲೂಪ್‌ಗೆ, ಅಂದರೆ ನಿಲ್ದಾಣದ ಪಕ್ಕದ ಹಳಿಗೆ, ಹಾಕಿ ನಿಲ್ಲಿಸಬೇಕು. ಆಗ ಬೋಗಿಯಲ್ಲಿ ಕುಳಿತವರು ನಮ್ಮ ಏಳು ತಲೆಮಾರನ್ನು ಸ್ಮರಿಸುತ್ತಾರೆ. ಮುಂಬೈಯಲ್ಲಿ ಮೂರು ನಿಮಿಷ ಸಾಧ್ಯವಾಗಿರುವುದು ಅಲ್ಲಿ ಬಹುತೇಕ ಕಡೆ ಲೋಕಲ್‌ಗಳಿಗೆ ಪ್ರತ್ಯೇಕ ಹಳಿಗಳಿರುವುದರಿಂದ. ಆದ್ದರಿಂದ ನನ್ನ ಅಭಿಪ್ರಾಯ ಇದು: ಬೇರೆ ಹಳಿ ಇಲ್ಲದ ಕಡೆ ಅಂತರದ ಬಗ್ಗೆ ಯಾರು ಎಷ್ಟೇ ಭರವಸೆ ಕೊಟ್ಟರೂ ನಂಬಬೇಡಿ. ಉಪನಗರ ಯೋಜನೆಗೆ ಪ್ರತ್ಯೇಕ ಹಳಿ ಹಾಕುತ್ತಿರುವುದೇ ಅದರ ನಿಜವಾದ ಬಂಡವಾಳ.

ಜೇಬು ನೋಡುವವ

ಹಳಿಯ ಮಾತಾಯಿತು. ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷಕ್ಕೊಂದು ಖಾಲಿ ಗಾಡಿ ಓಡಿಸುವ ಖರ್ಚು ಯಾರದ್ದು? ಬೆಳಿಗ್ಗೆ, ಸಂಜೆ ಹೆಚ್ಚು ಗಾಡಿ ಕೊಟ್ಟು ನಡುವೆ ಕಡಿಮೆ ಮಾಡುವುದು ಎಲ್ಲ ಊರಿನಲ್ಲಿಯೂ ಇರುವ ಪದ್ಧತಿ. ಚೆನ್ನೈನ ಉಪನಗರ ರೈಲುಗಳೂ ಭಾನುವಾರ ಕಡಿಮೆ ಓಡುತ್ತವೆ. ಜನ ಇಲ್ಲದ ಹೊತ್ತಿನಲ್ಲಿ ಅಂತರದ ಬಗ್ಗೆ ಹಟ ಹಿಡಿಯುವುದು ಸರಿಯಲ್ಲ ಎಂಬುದು ನನ್ನ ನಿಲುವು.

ಲೆಕ್ಕದ ಮೇಷ್ಟ್ರು

ಖರ್ಚಿನ ಮಾತಿಗೆ ನಮ್ಮೂರಿನದೇ ಒಂದು ಪಾಠವಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ಇದ್ದದ್ದು ಮೂರು ರೈಲು, ಅಂತರ 25 ನಿಮಿಷ. ನಾಲ್ಕನೆಯದು ಬಂದಾಗ 19 ಆಯಿತು, ಐದನೆಯದು ಬಂದಾಗ 15. ಗುಣಿಸಿ ನೋಡಿ: ಎಲ್ಲವೂ 75ರ ಆಸುಪಾಸಿಗೇ ಬರುತ್ತದೆ. ಒಂದು ರೈಲು ಹೋಗಿ, ತಿರುಗಿ, ಮತ್ತೆ ಹೊರಟ ಜಾಗಕ್ಕೆ ಬರಲು ಬೇಕಾದ ಸಮಯ ಅದು. ಆ ಸುತ್ತಿನ ಸಮಯವನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ ಅಂತರ ಸಿಗುತ್ತದೆ; ಇದರಲ್ಲಿ ಮಾಯಮಂತ್ರ ಏನೂ ಇಲ್ಲ.

ಈಗ ಕಂಟ್ರೋಲರ್ ಸಾಹೇಬರು ಕೊಟ್ಟ 50 ನಿಮಿಷದ ಮಾರ್ಗವನ್ನೇ ತೆಗೆದುಕೊಳ್ಳಿ. ಎರಡೂ ತುದಿಯಲ್ಲಿ ಹತ್ತು ಹತ್ತು ನಿಮಿಷ ನಿಂತರೆ ಸುತ್ತು 120 ನಿಮಿಷ. ಅರ್ಧ ಗಂಟೆಗೊಂದು ಬೇಕಾದರೆ ನಾಲ್ಕು ರೇಕ್ (ಬೋಗಿಗಳನ್ನು ಜೋಡಿಸಿದ ಪೂರ್ತಿ ಗಾಡಿ), 15ಕ್ಕೆ ಎಂಟು, 10ಕ್ಕೆ ಹನ್ನೆರಡು, 5ಕ್ಕೆ ಇಪ್ಪತ್ನಾಲ್ಕು. 30ರಿಂದ 15ಕ್ಕೆ ಇಳಿಸಲು ನಾಲ್ಕು ರೇಕ್ ಹೆಚ್ಚು ಕೊಂಡರೆ ಅರ್ಧ ಗಂಟೆಯ ಭಯ ಕಾಲು ಗಂಟೆಗೆ ಇಳಿಯುತ್ತದೆ. 10ರಿಂದ 5ಕ್ಕೆ ಇಳಿಸಲು ಹನ್ನೆರಡು ಕೊಂಡರೂ ಉಳಿಯುವುದು ಐದೇ ನಿಮಿಷ. 30ರಿಂದ 15ಕ್ಕೆ ಇಳಿಸುವ ಆ ನಾಲ್ಕು ರೇಕ್‌ಗಳ ಮೇಲೆ ಸುರಿದ ಹಣದಷ್ಟು ಫಲ ಮತ್ತೆಲ್ಲಿಯೂ ಸಿಗುವುದಿಲ್ಲ. ಮತ್ತೊಂದು ವಿಷಯ: ಬೆಳಗಿನ ದಟ್ಟಣೆಗೆಂದು ಕೊಂಡ ರೇಕ್‌ಗಳು ಮಧ್ಯಾಹ್ನ ಯಾರ್ಡ್‌ನಲ್ಲಿ ನಿಂತಿರುತ್ತವೆ. ಅವುಗಳನ್ನು ಓಡಿಸಲು ಕರೆಂಟು, ಸಿಬ್ಬಂದಿ ಮತ್ತು ಸವಕಳಿಯ ಖರ್ಚು ಇದೆ, ಆದರೆ ಹೊಸದಾಗಿ ಗಾಡಿ ಕೊಳ್ಳುವ ಖರ್ಚು ಇಲ್ಲ.

ಕೆಜಿಎಫ್‌ನಿಂದ

ಮಧ್ಯಾಹ್ನ ಜನ ಇಲ್ಲ ಎಂದವರಿಗೆ ಒಂದೇ ಮಾತು: ಮಧ್ಯಾಹ್ನ ಗಾಡಿ ಇಲ್ಲದಿರುವುದರಿಂದ ಜನ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಸಾವಿರಾರು ಮಂದಿ ಬೆಂಗಳೂರಿನ ಕೆಲಸವನ್ನೇ ನಂಬಿದ್ದಾರೆ. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಗಾಡಿ ಹತ್ತಿದರೆ ಜಾಗ ಹಿಡಿದು ಮಲಗಿಕೊಂಡೇ ಬರುವವರು, ಇಸ್ಪೀಟು ಆಡುವವರು, ತಿಂಡಿ ಡಬ್ಬಿ ಬಿಚ್ಚುವವರು ಎಲ್ಲರೂ ಇದ್ದಾರೆ. ಅರ್ಧ ದಿನ ರಜೆ ಹಾಕುವುದು ಮಾತ್ರ ನಮಗೆ ಗೊತ್ತಿಲ್ಲ. ಮಗುವಿಗೆ ಜ್ವರ ಬಂದಿದೆ ಎಂದು ಹನ್ನೆರಡು ಗಂಟೆಗೆ ಫೋನ್ ಬಂದರೂ ನಾವು ಬಸ್ ಹುಡುಕಬೇಕು.

ಜ್ಯೂರಿಕ್‌ನಲ್ಲಿರುವ ಧಾರವಾಡದವ

ನಾನಿರುವ ಹಳ್ಳಿಗೆ ಎಸ್-ಬಾನ್ (ಇಲ್ಲಿಯ ಉಪನಗರ ರೈಲು) ಬರುವುದು ಅರ್ಧ ಗಂಟೆಗೊಂದೇ. ಈ ಚರ್ಚೆಯ ಗೆಳೆಯರು ಹತ್ತು, ಹನ್ನೆರಡು ಎನ್ನುತ್ತಿರುವುದನ್ನು ನೋಡಿದರೆ ನಾನು ಹಿಂದುಳಿದ ದೇಶದಲ್ಲಿದ್ದೇನೆ ಎಂದು ತೋರುತ್ತದೆ. ಆದರೆ ನನಗೆ ಕೊರತೆ ಎನಿಸಿಲ್ಲ, ಅದಕ್ಕೆ ಕಾರಣವಿದೆ. ಸ್ವಿಟ್ಜರ್ಲೆಂಡ್ 1982ರಿಂದ ಇಡೀ ದೇಶದ ರೈಲುಗಳನ್ನು ಒಂದೇ ತಾಳಕ್ಕೆ ಕೂಡಿಸಿದೆ. ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷಕ್ಕೆ ಗಾಡಿ ಇದ್ದರೆ, ಏಳು ಎಂಟಕ್ಕೂ ಇದೆ, ಮಧ್ಯಾಹ್ನ ಒಂದು ಎಂಟಕ್ಕೂ ಇದೆ, ರಾತ್ರಿ ಹತ್ತು ಎಂಟಕ್ಕೂ ಇದೆ. ನಡುವಿನ ಮೂವತ್ತೆಂಟಕ್ಕೆ ಇನ್ನೊಂದು. ನನ್ನ ಆರು ವರ್ಷದ ಮಗಳಿಗೂ ಆ ಎರಡು ಅಂಕಿ ಗೊತ್ತು. ರೈಲು ಇಳಿದವರಿಗಾಗಿ ಹೊರಗೆ ಬಸ್ ನಿಂತಿರುತ್ತದೆ. ಹಲವು ಮಾರ್ಗಗಳು ನಗರದ ನಡುವೆ ಒಂದೇ ಹಳಿಗೆ ಕೂಡುವುದರಿಂದ ಮುಖ್ಯ ನಿಲ್ದಾಣದ ಹತ್ತಿರ ಕೆಲವೇ ನಿಮಿಷಕ್ಕೊಂದು ಗಾಡಿ ತಾನಾಗಿಯೇ ಸಿಗುತ್ತದೆ.

ಅರ್ಧ ಗಂಟೆ ಸಾಕು ಎಂದು ನಾನು ವಾದಿಸುತ್ತಿಲ್ಲ. ಅರ್ಧ ಗಂಟೆಯ ಗಾಡಿಯನ್ನು ನಂಬಬೇಕಾದರೆ ಅದು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ತಡವಾಗಬಾರದು. ಅಷ್ಟು ಕರಾರುವಾಕ್ಕಾಗಿ ಓಡಿಸಲು ಆಗದ ಕಡೆ ಅಂತರವನ್ನು ಕಡಿಮೆ ಮಾಡುವುದೊಂದೇ ದಾರಿ, ಏಕೆಂದರೆ ಹತ್ತು ನಿಮಿಷಕ್ಕೊಂದು ಬರುವ ಗಾಡಿ ತಡವಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಗೇಟಿನ ಪಕ್ಕದ ಮನೆ

ಎಲ್ಲರೂ ರೈಲಿನೊಳಗಿನಿಂದ ಮಾತನಾಡುತ್ತಿದ್ದೀರಿ. ನನ್ನ ಮನೆ ಲೆವೆಲ್ ಕ್ರಾಸಿಂಗ್‌ನ ಪಕ್ಕದಲ್ಲಿದೆ. ಒಂದು ಗಾಡಿಗೆ ಗೇಟು ಐದು ನಿಮಿಷ ಹಾಕುತ್ತಾರೆ. ನಿಮ್ಮ 15 ನಿಮಿಷದ ಪ್ರಕಾರ ಎರಡೂ ದಿಕ್ಕು ಸೇರಿ ಗಂಟೆಗೆ ಎಂಟು ಗಾಡಿ, ಅಂದರೆ ಗೇಟು ನಲವತ್ತು ನಿಮಿಷ ಮುಚ್ಚಿರುತ್ತದೆ. ಹತ್ತು ನಿಮಿಷಕ್ಕೆ ಇಳಿಸಿದರೆ ಹನ್ನೆರಡು ಗಾಡಿ, ಅರವತ್ತು ನಿಮಿಷ. ಅಂದರೆ ನಾವು ಆ ಕಡೆಯ ಅಂಗಡಿಗೆ ಹೋಗುವುದನ್ನೇ ಮರೆಯಬೇಕು. ಈಗಲೇ ಗೇಟು ತೆರೆದ ತಕ್ಷಣ ಎರಡೂ ಕಡೆಯ ಬೈಕುಗಳು ಹಳಿಯ ಮೇಲೆ ಎದುರುಬದುರಾಗಿ ನಿಂತು ಬೈದಾಡುತ್ತವೆ. ಕೆಳಸೇತುವೆಯೋ ಮೇಲ್ಸೇತುವೆಯೋ ಮೊದಲು ಆಗಲಿ, ಆಮೇಲೆ ನಿಮಿಷದ ಲೆಕ್ಕ ಹಾಕಿ.

ನಿವೃತ್ತ ಸೆಕ್ಷನ್ ಕಂಟ್ರೋಲರ್

ಎರಡೂ ದಿಕ್ಕಿನ ಗಾಡಿಗಳು ಒಟ್ಟಿಗೆ ದಾಟಿದರೆ ಗೇಟು ಒಂದೇ ಬಾರಿ ಹಾಕುತ್ತಾರೆ, ಹಾಗಾಗಿ ಲೆಕ್ಕ ಅಷ್ಟು ಭೀಕರವಾಗುವುದಿಲ್ಲ. ಆದರೆ ಮಾತು ನಿಜ. ಗೇಟ್‌ಮನ್ ಗೇಟು ಮುಚ್ಚಲಾಗದೆ ಸಿಗ್ನಲ್ ಸಿಗದೆ ಗಾಡಿ ನಿಂತ ಉದಾಹರಣೆಗಳನ್ನು ನಾನು ಪ್ರತಿ ವಾರ ಬರೆದುಕೊಂಡಿದ್ದೇನೆ. ಗೇಟು ಇರುವ ಹಳಿಯಲ್ಲಿ 15 ನಿಮಿಷಕ್ಕಿಂತ ಕಡಿಮೆ ಅಂತರವನ್ನು ಯಾವ ಕಂಟ್ರೋಲರೂ ದಿನವಿಡೀ ಕಾಯ್ದುಕೊಳ್ಳಲಾರ.

ಮಾಲೂರಿನ ನರ್ಸ್

ಜ್ಯೂರಿಕ್‌ನವರೇ, ನಿಮ್ಮ ಎಂಟು ಮತ್ತು ಮೂವತ್ತೆಂಟನ್ನು ನನಗೆ ಕೊಡಿಸಿ. ನಾನು ಅದಕ್ಕೆ ಇಂದೇ ಸಹಿ ಹಾಕುತ್ತೇನೆ.

ಕೆಂಗೇರಿ ಪ್ರಯಾಣಿಕ

ಎಲ್ಲರ ಮಾತನ್ನೂ ಓದಿದ ಮೇಲೆ ನನ್ನ 15 ಎಂಬ ಸಂಖ್ಯೆಯನ್ನು ಬಿಡುವುದಿಲ್ಲ, ಆದರೆ ಅದರ ಅರ್ಥವನ್ನು ಬದಲಿಸಿಕೊಳ್ಳುತ್ತೇನೆ. ನಾನು ಹೇಳಿದ್ದು ಸರಾಸರಿ. ಈಗ ಹೇಳುತ್ತಿರುವುದು ಗರಿಷ್ಠ: ಬೆಳಗಿನ ಆರರಿಂದ ರಾತ್ರಿಯ ಹತ್ತರವರೆಗೆ ಯಾವ ಎರಡು ಗಾಡಿಗಳ ನಡುವೆಯೂ 15 ನಿಮಿಷಕ್ಕಿಂತ ಹೆಚ್ಚು ಬಿಡುವು ಇರಬಾರದು, ಅದಕ್ಕಿಂತ ಮುಂಚೆ ಮತ್ತು ಆಮೇಲೆ ಅರ್ಧ ಗಂಟೆಯನ್ನು ಮೀರಬಾರದು. ದಟ್ಟಣೆಯ ಹೊತ್ತಿನಲ್ಲಿ ಹತ್ತೋ ಐದೋ ಎನ್ನುವುದನ್ನು ಜನಸಂದಣಿ ನೋಡಿ ನಿರ್ಧರಿಸಲಿ, ಅದು ಬೇರೆಯೇ ಚರ್ಚೆ. ದಿನಕ್ಕೆ ಇಷ್ಟು ಗಾಡಿ ಎಂದು ಯಾರಾದರೂ ಘೋಷಿಸಿದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಆ ದಿನದ ಅತಿ ದೊಡ್ಡ ಅಂತರ ಎಷ್ಟು ಎಂಬುದು.

ಮುಂದಿನ ಮಂಗಳವಾರ ರಜೆ ಇದೆ. ಬೆಳಗಿನಿಂದ ಸಂಜೆಯವರೆಗೆ ಕೆಂಗೇರಿ ನಿಲ್ದಾಣದಲ್ಲಿ ಕುಳಿತು ಎರಡೂ ದಿಕ್ಕಿನಲ್ಲಿ ನಿಲ್ಲುವ ಗಾಡಿಗಳ ಸಮಯವನ್ನು ಬರೆದುಕೊಳ್ಳಲಿದ್ದೇನೆ. ವೈಟ್‌ಫೀಲ್ಡ್, ಯಲಹಂಕ, ಹೀಲಲಿಗೆಗಳಲ್ಲಿಯೂ ಅದೇ ದಿನ ಯಾರಾದರೂ ಕುಳಿತರೆ ನಾಲ್ಕು ಕಾಲಂಗಳ ಒಂದು ಪಟ್ಟಿಯನ್ನು ಇಲ್ಲಿಯೇ ಹಾಕೋಣ. ಮೇಷ್ಟ್ರು ವರ್ಗ ಮಾಡಿ ಕೂಡಿಸುವ ಕೆಲಸವನ್ನು ವಹಿಸಿಕೊಳ್ಳಬೇಕೆಂದು ವಿನಂತಿ.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ಸಮಯವನ್ನು ಗಾಡಿ ನಿಂತಾಗ ಬರೆಯಬೇಡಿ, ಹೊರಟಾಗ ಬರೆಯಿರಿ.

ಮಾಲೂರಿನ ನರ್ಸ್

ಮಂಗಳವಾರ ನನಗೆ ರಾತ್ರಿ ಪಾಳಿ. ಸಂಜೆ ನಾಲ್ಕರಿಂದ ಏಳರವರೆಗೆ ವೈಟ್‌ಫೀಲ್ಡ್ ನನ್ನ ಪಾಲಿಗಿರಲಿ.